ಬೂದಿಯ ಮೇಲಿನ ಹೆಜ್ಜೆ

ವೈ.ಎನ್. ಹೊಸಕೋಟೆ
12 ಡಿಸೆಂಬರ್ 2024

ಗೆಳೆಯ ಚಿಕ್ಕನರಸಯ್ಯನಿಗೆ,

ಮಧುಗಿರಿ ಹೈಸ್ಕೂಲಿನಲ್ಲಿ ನಿನ್ನ ಪಕ್ಕ ಕೂತು ನಿನ್ನ ಲೆಕ್ಕವನ್ನೇ ಕಾಪಿ ಹೊಡೆದ ರೇಣುಕಯ್ಯ ಬರೆಯುತ್ತಿದ್ದೇನೆ. ಹೋದ ವರ್ಷ ಫೋನ್ ಮಾಡಿ ‘ಹೆಂಗಿದ್ದೀಯಲೇ’ ಎಂದರೆ ನೀನು ‘ಕೊರಟಗೆರೇಲಿ ಮಳೆ ಇಲ್ಲ’ ಎಂದೆ. ನಿನ್ನ ಕಿವಿಯನ್ನು ನೆಚ್ಚಿಕೊಂಡರೆ ಆಗುವುದಿಲ್ಲ ಎಂದು ಕಾಗದ ಹಿಡಿದಿದ್ದೇನೆ.

ಸಮಾಚಾರ ಇಷ್ಟು. ನಮ್ಮ ಕಣದ ಪಕ್ಕದಲ್ಲಿ ತಗಡಿನ ಶೆಡ್ಡು ಇದೆಯಲ್ಲ, ಅದಕ್ಕೆ ನವೆಂಬರಿನಿಂದ ಯಾರೋ ನುಗ್ಗುತ್ತಿದ್ದಾರೆ, ಅಥವಾ ಯಾವುದೋ ನುಗ್ಗುತ್ತಿದೆ. ಬಿತ್ತನೆಗೆಂದು ಎತ್ತಿಟ್ಟ ಕಡ್ಲೆಕಾಯಿಯಲ್ಲಿ ಎರಡು ಚೀಲ ಹಾಳು. ಬೆಲ್ಲದ ಡಬ್ಬ ಖಾಲಿ. ವೀರಭದ್ರಸ್ವಾಮಿ ಗುಡಿಯ ದೀಪಕ್ಕೆ ಇಟ್ಟಿದ್ದ ಎಣ್ಣೆಯೂ ಇಲ್ಲ. ಗುಡಿಯೊಳಗೆ ಹಚ್ಚಿಟ್ಟ ಹಣತೆಯಲ್ಲಿ ಕೂಡ ಬೆಳಗಾದರೆ ಒಂದು ತೊಟ್ಟು ಉಳಿದಿರುವುದಿಲ್ಲ. ದೇವರ ಎಣ್ಣೆಯನ್ನೂ ಬಿಡದ ಕಳ್ಳ ಎಂಥವನಿರಬೇಕು ಎಂದು ನಮ್ಮ ಮನೆಯವಳು ಜಗದಾಂಬ ದಿನವೂ ಶಾಪ ಹಾಕುತ್ತಾಳೆ.

ನಮ್ಮ ಕಡೆ ಕಳುವಾದರೆ ಏನು ಮಾಡುತ್ತಾರೆ ನಿನಗೆ ಗೊತ್ತು. ಒಲೆಯ ಬೂದಿಯನ್ನು ಜರಡಿ ಹಿಡಿದು ಬಾಗಿಲ ಮುಂದೆ ಹರಡಿದೆ. ಕಣಕ್ಕೆ ಯಾರೂ ಚಪ್ಪಲಿ ಹಾಕಿಕೊಂಡು ಬರುವುದಿಲ್ಲವಾದ್ದರಿಂದ ಬರಿಗಾಲಿನ ಹೆಜ್ಜೆ ಚೆನ್ನಾಗಿ ಮೂಡುತ್ತದೆ. ಮೂಡಿತು. ಕ್ಯಾಲೆಂಡರಿನ ನವೆಂಬರ್ ಹಾಳೆಯ ಹಿಂಬದಿಯಲ್ಲಿ ಅದೇ ಅಳತೆಗೆ ಬರೆದು ಇದರೊಳಗೆ ಇಟ್ಟಿದ್ದೇನೆ. ಎಡಗಾಲು. ಬೆರಳು ಐದೂ ಒಂದೇ ಸಾಲಿಗಿವೆ, ಅದೊಂದು ವಿಚಿತ್ರ.

ಮನುಷ್ಯನ ಕಾಲೆಂದೇ ನನ್ನ ಎಣಿಕೆ. ಊರಿನಲ್ಲಿ ಒಬ್ಬನ ಮೇಲೆ ಅನುಮಾನವೂ ಬಂದಿದೆ. ನೀನು ಮೂವತ್ತೊಂದು ವರ್ಷ ಕಾಡು ಕಾಯ್ದವನು. ‘ಇದು ಮನುಷ್ಯನದೇ’ ಎಂದು ಎರಡು ಸಾಲು ಬರೆದು ಕಳಿಸಿದರೆ ನನ್ನ ಮನಸ್ಸಿಗೆ ಸಮಾಧಾನ. ಹೆಚ್ಚು ಬರೆಯುವ ತೊಂದರೆ ತೆಗೆದುಕೊಳ್ಳಬೇಡ.

ನಿನ್ನ
ರೇಣುಕಯ್ಯ


ಕೊರಟಗೆರೆ
19 ಡಿಸೆಂಬರ್ 2024

ರೇಣುಕಯ್ಯ,

ನಿನ್ನ ಕಾಗದ ಬಂತು. ಎರಡು ಸಾಲು ಸಾಕು ಎಂದಿದ್ದೀಯ. ಪರೀಕ್ಷೆಯಲ್ಲೂ ನೀನು ಉತ್ತರ ಮಾತ್ರ ಕೇಳುತ್ತಿದ್ದೆ, ಲೆಕ್ಕ ಮಾಡುವುದು ಹೇಗೆಂದು ಒಂದು ದಿನವೂ ಕೇಳಲಿಲ್ಲ.

ನೀನು ಕಳಿಸಿದ ಹೆಜ್ಜೆಯ ಮೇಲೆ ಇದ್ದಿಲಿನಿಂದ ದಪ್ಪ ಗೆರೆ ಎಳೆಸಿ ನೋಡಿದೆ. ಹೇಳುವ ಮೊದಲು ಕೆಲವು ವಿಷಯ ನನಗೆ ಬೇಕು. ಚೀಲದ ಬಾಯಿಯ ಹಗ್ಗ ಬಿಚ್ಚಿತ್ತೋ, ಇಲ್ಲ ಚೀಲದ ಹೊಟ್ಟೆ ಹರಿದಿತ್ತೋ? ಕಾಯಿಯನ್ನು ಹೊತ್ತೊಯ್ದಿದ್ದಾರೋ, ಅಲ್ಲೇ ತಿಂದು ಸಿಪ್ಪೆ ಬಿಟ್ಟಿದ್ದಾರೋ? ಮನುಷ್ಯನಾದವನು ಚೀಲ ಕದ್ದು ಮಾರುತ್ತಾನೆ, ಕೂತು ಅರ್ಧ ಚೀಲ ಹಸಿಕಾಯಿ ತಿನ್ನುವುದಿಲ್ಲ. ಸುತ್ತಮುತ್ತ ಹಿಕ್ಕೆ ಏನಾದರೂ ಬಿದ್ದಿದ್ದರೆ ಕಡ್ಡಿಯಿಂದ ಬಿಡಿಸಿ ನೋಡು. ಅಸಹ್ಯ ಪಡಬೇಡ.

ಮುಖ್ಯವಾದದ್ದು ಇನ್ನೊಂದಿದೆ. ಬೆರಳುಗಳ ಮುಂದೆ, ಬೆರಳಿಗೊಂದರಂತೆ, ಚುಕ್ಕೆಯಂಥ ಗುರುತು ಇತ್ತೇ? ನಿನ್ನ ಚಿತ್ರದಲ್ಲಿ ಇಲ್ಲ. ಇದ್ದೂ ಬರೆಯದೆ ಬಿಟ್ಟೆಯೋ ಹೇಗೆ, ನೆನಪು ಮಾಡಿಕೊಂಡು ತಿಳಿಸು.

ಆಮೇಲೆ, ಹನ್ನೊಂದು ವರ್ಷದ ಹಿಂದೆ ನಾನೇ ಕರೆತಂದು ನಿನ್ನ ಹತ್ತಿರ ಬಿಟ್ಟ ನಮ್ಮಕ್ಕನ ಮಗ ಭೀಮರಾಜು ಏನನ್ನುತ್ತಾನೆ? ಆ ಶೆಡ್ಡಿನ ಬೀಗದ ಕೈ ಅವನ ಹತ್ತಿರವೇ ಇರುತ್ತದಲ್ಲ. ನಿನ್ನ ಕಾಗದದಲ್ಲಿ ಎಣ್ಣೆಯ ಸುದ್ದಿ ಇದೆ, ಬೆಲ್ಲದ ಸುದ್ದಿ ಇದೆ, ಅವನ ಸುದ್ದಿ ಇಲ್ಲ.

ಗೌರಿ ಈದಳೇ? ಈ ತಿಂಗಳ ಕೊನೆಗೆ ದಿನ ತುಂಬಬೇಕಿತ್ತು.

ಚಿಕ್ಕನರಸಯ್ಯ


ವೈ.ಎನ್. ಹೊಸಕೋಟೆ
27 ಡಿಸೆಂಬರ್ 2024

ಗೆಳೆಯನಿಗೆ,

ನಮ್ಮ ಹಸುವಿನ ಹೆಸರು ಕೂಡ ನಿನ್ನ ನೆನಪಿನಲ್ಲಿದೆ ಎಂದರೆ ಆಶ್ಚರ್ಯವಾಯಿತು. ಇನ್ನೂ ಒಂದು ಮಾತು. ಈ ವಯಸ್ಸಿನಲ್ಲೂ ನಿನ್ನ ಅಕ್ಷರ ಎಷ್ಟು ದುಂಡಗಿದೆ ಮಾರಾಯ. ಹೈಸ್ಕೂಲಿನಲ್ಲಿ ಇಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ. ಜಗದಾಂಬಳಿಗೂ ತೋರಿಸಿದೆ.

ನೀನು ಹೇಳಿದಂತೆ ನೋಡಿದೆ. ಚೀಲದ ಹೊಟ್ಟೆ ಹರಿದಿದೆ, ಹಗ್ಗ ಕಟ್ಟಿದ ಹಾಗೇ ಇದೆ. ಸಿಪ್ಪೆ ಅಲ್ಲೇ ರಾಶಿ ಬಿದ್ದಿತ್ತು. ಗುಡಿಯ ಹಿಂದೆ ಬೇಲಿಯ ಹತ್ತಿರ ಹಿಕ್ಕೆಯೂ ಸಿಕ್ಕಿತು. ಮೂಗು ಮುಚ್ಚಿಕೊಂಡು ಬಿಡಿಸಿದೆ. ಎಲಚಿ ಹಣ್ಣಿನ ಬೀಜ ಹಿಡಿ ತುಂಬ, ಕಡ್ಲೆಕಾಯಿ ಸಿಪ್ಪೆ, ಗೆದ್ದಲಿನ ರೆಕ್ಕೆ. ಇದು ಯಾವುದರದ್ದು ಎಂದು ನೀನೇ ಹೇಳಬೇಕು.

ಚುಕ್ಕೆಯ ವಿಷಯ ಕೇಳಿದ್ದೀಯ. ಇದ್ದರೂ ಇದ್ದಿರಬಹುದು. ಕೋಳಿ ಕೆರೆದ ಗುರುತೆಂದು ನಾನು ಗಮನಿಸಲಿಲ್ಲವೋ ಏನೋ. ವಯಸ್ಸಾದ ಕಣ್ಣು.

ಭೀಮರಾಜು ಈಗ ನಮ್ಮಲ್ಲಿಲ್ಲ. ಹೋದ ತಿಂಗಳೇ ಕೆಲಸ ಬಿಟ್ಟ. ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸಕ್ಕೆ ಸೇರಿದ ಎಂದು ಯಾರೋ ಹೇಳಿದರು. ಹೆಂಡತಿ ಮಗಳನ್ನೂ ಕರೆದುಕೊಂಡು ಹೋಗಿದ್ದಾನೆ. ಒಂದು ಮಾತು ಹೇಳಿ ಹೋಗಬಹುದಿತ್ತು. ಹನ್ನೊಂದು ವರ್ಷ ಮನೆಯವನ ಹಾಗೆ ನೋಡಿಕೊಂಡಿದ್ದೆವು. ಇರಲಿ, ಈಗಿನವರಿಗೆ ಕಣದ ಕೆಲಸ ರುಚಿಸುವುದಿಲ್ಲ. ನಿನ್ನನ್ನು ನೋಯಿಸಬಾರದೆಂದು ಬರೆದಿರಲಿಲ್ಲ, ತಪ್ಪು ತಿಳಿಯಬೇಡ.

ರೇಣುಕಯ್ಯ


ಕೊರಟಗೆರೆ
4 ಜನವರಿ 2025

ರೇಣುಕಯ್ಯ,

ಅದು ಕರಡಿ.

ಎಲಚಿ ಬೀಜ ಎಂದಾಗಲೇ ಮುಗಿಯಿತು. ತಿಮ್ಲಾಪುರದ ಕಾಡಿನಲ್ಲಿ ನಾನು ಇಂಥ ಹಿಕ್ಕೆ ನೋಡಿಯೇ ಸಂಬಳ ತೆಗೆದುಕೊಂಡಿದ್ದೇನೆ. ಕಡ್ಲೆಕಾಯಿ ಎಂದರೆ ಅದಕ್ಕೆ ಪ್ರಾಣ, ಬೆಲ್ಲವೂ ಅಷ್ಟೇ. ಎಣ್ಣೆಯ ವಾಸನೆ ಹಿಡಿದು ಗುಡ್ಡದ ಗುಡಿಗಳಿಗೆ ಬಂದು ಹಣತೆ ನೆಕ್ಕಿ ಹೋಗುವುದನ್ನು ನಮ್ಮ ನಾಲ್ಕು ತಾಲ್ಲೂಕಿನಲ್ಲಿ ನೋಡದವರಿಲ್ಲ. ನೀನೂ ಕೇಳಿದ್ದೀಯ. ಈ ಸಲ ಮಾತ್ರ ಅದು ನಿನ್ನ ನೆನಪಿಗೆ ಬರಲಿಲ್ಲ.

ಕರಡಿ ಹಿಂಗಾಲಿನ ಅಂಗಾಲು ಹಿಮ್ಮಡಿ ಎಲ್ಲ ಊರುತ್ತದೆ. ಅದಕ್ಕೇ ಮನುಷ್ಯ ನಡೆದ ಹಾಗೆ ಕಾಣುತ್ತದೆ. ಆದರೆ ಅದರ ಬೆರಳು ಐದೂ ಒಂದೇ ಸಾಲು, ದೊಡ್ಡ ಬೆರಳು ಹೊರಗಡೆ. ನಮಗೆ ಒಳಗಡೆ. ನೀನು ಎಡಗಾಲು ಎಂದುಕೊಂಡದ್ದು ಅದರ ಬಲಗಾಲು. ಬೆರಳ ಮುಂದಿನ ಚುಕ್ಕೆಗಳು ಉಗುರು. ಬೂದಿ ಅಷ್ಟು ನಯವಾಗಿದ್ದರೆ ಉಗುರು ಮೂಡದೆ ಇರುವುದಿಲ್ಲ. ಕೋಳಿ ಹೀಗೆ ಬೆರಳಿಗೊಂದು ಚುಕ್ಕೆ ಲೆಕ್ಕ ಹಾಕಿ ಕೆರೆಯುವುದನ್ನು ನಾನು ಕಂಡಿಲ್ಲ.

ಎಣ್ಣೆ, ಬೆಲ್ಲ, ಕಾಯಿ ಮೂರನ್ನೂ ಮನೆಯೊಳಗೆ ಸಾಗಿಸು. ಶೆಡ್ಡಿಗೆ ತಂತಿಯಲ್ಲಿ ಕರೆಂಟು ಕೊಡುವ ಬುದ್ಧಿ ಬಂದರೆ ತಡೆದುಕೋ. ಇಲಾಖೆಗೆ ಒಂದು ಅರ್ಜಿ ಬರೆ, ಬಂದು ನೋಡುತ್ತಾರೆ.

ಇನ್ನು ಉಳಿದದ್ದು, ಅನುಮಾನ ಬಂದಿದೆ ಎಂದು ಬರೆದಿದ್ದೀಯಲ್ಲ, ಆ ಮನುಷ್ಯ. ಅವನು ಯಾರು ಎಂದು ನಾನು ಕೇಳುವುದಿಲ್ಲ. ನೀನೇ ಹೇಳುವ ತನಕ ಕಾಯುತ್ತೇನೆ. ಯಾರ ಎದುರಿಗೆ ಅನುಮಾನ ಪಟ್ಟೆಯೋ ಅವರೆಲ್ಲರ ಎದುರಿಗೆ, ಅವನಲ್ಲ ಎಂದೂ ಹೇಳಬೇಕಾಗುತ್ತದೆ. ಅದನ್ನು ಮಾಡಿ ನನಗೆ ಬರೆ.

ಚಿಕ್ಕನರಸಯ್ಯ


ವೈ.ಎನ್. ಹೊಸಕೋಟೆ
16 ಜನವರಿ 2025

ಗೆಳೆಯನಿಗೆ,

ಸಂಕ್ರಾಂತಿಯ ಎಳ್ಳುಬೆಲ್ಲ ಇದರ ಜೊತೆ ಪೊಟ್ಟಣ ಮಾಡಿ ಜಗದಾಂಬ ಕಳಿಸಿದ್ದಾಳೆ. ಕರಡಿ ತಿಂದು ಉಳಿದ ಬೆಲ್ಲ ಎಂದು ನಗುತ್ತಿದ್ದಾಳೆ.

ನಿನ್ನ ಮಾತು ನೂರಕ್ಕೆ ನೂರು ಸರಿ. ಇಲಾಖೆಯವರು ಬಂದು ನೋಡಿ ಕರಡಿಯೇ ಎಂದರು. ಊರಿಗೆಲ್ಲ ಹಬ್ಬ. ಗಂಗಹನುಮಯ್ಯ ‘ಎಲುಗುಬಂಟಿ ವಚ್ಚಿಂದಿ’ ಅಂದರೆ ಕರಡಿ ಬಂತು ಎಂದು ತೆಲುಗಿನಲ್ಲಿ ಕೂಗಿಕೊಂಡು, ಅದು ಹಣತೆ ನೆಕ್ಕುವ ಹಾಗೆ ನಾಲಿಗೆ ಚಾಚಿ ಮಕ್ಕಳನ್ನು ಹೆದರಿಸುತ್ತಿದ್ದಾನೆ. ದೊಡ್ಡರಂಗಯ್ಯನಂತೂ ಸ್ವಾಮಿಯ ಎಣ್ಣೆ ಕುಡಿದ ಕರಡಿಗೆ ಭಕ್ತಿ ಬಂದಿರಬೇಕು ಎಂದ. ಎಲ್ಲರೂ ನಕ್ಕೆವು. ಹೆಜ್ಜೆ ನೋಡಿ ಗುರುತು ಹಿಡಿದ ಗೆಳೆಯ ನಮ್ಮ ಕ್ಲಾಸಿನವನು ಎಂದು ನಿನ್ನ ಹೆಸರು ಹೇಳಿ ನಾನೂ ಸ್ವಲ್ಪ ಬೀಗಿದೆ.

ಅನುಮಾನ ಬಂದವನ ವಿಷಯ ಬರೆದಿದ್ದೆ. ಅದನ್ನು ಈಗ ಎತ್ತದಿರುವುದೇ ಒಳ್ಳೆಯದೆಂದು ನನಗೆ ತೋರುತ್ತದೆ. ಕರಡಿ ಎಂದು ಗೊತ್ತಾದ ಮೇಲೆ ಅವನಲ್ಲ ಎಂದು ತಾನಾಗಿಯೇ ಗೊತ್ತಾದಂತೆ ಆಯಿತಲ್ಲ. ಊರವರು ಮರೆತಿದ್ದಾರೆ. ನಾನು ಹೆಸರು ತೆಗೆದರೆ ಮತ್ತೆ ನೆನಪು ಮಾಡಿಕೊಟ್ಟ ಹಾಗಾಗುತ್ತದೆ, ಅವನಿಗೇ ಅವಮಾನ.

ಒಂದು ಸಲ ನಮ್ಮೂರಿಗೆ ಬಂದು ಹೋಗು. ಕಡ್ಲೆಕಾಯಿ ಬೇಯಿಸಿಡುತ್ತೇನೆ.

ರೇಣುಕಯ್ಯ


ಕೊರಟಗೆರೆ
28 ಜನವರಿ 2025

ರೇಣುಕಯ್ಯ,

ಎಳ್ಳುಬೆಲ್ಲದ ಪೊಟ್ಟಣ ಬಿಚ್ಚಿಲ್ಲ.

ನಿನಗೆ ತಿಳಿಯದ ಒಂದು ವಿಷಯವಿದೆ. ಕಿವಿ ಹೋದದ್ದು ನಿನಗೆ ಗೊತ್ತು. ಎರಡು ವರ್ಷದಿಂದ ಕಣ್ಣಿಗೂ ಪೊರೆ ಬಂದಿದೆ. ಅಕ್ಷರ ಕಾಣುವುದಿಲ್ಲ. ನಿನ್ನ ಕಾಗದಗಳನ್ನು ನಾನು ಓದಿಲ್ಲ, ಓದಿಸಿ ಕೇಳಿದ್ದೇನೆ. ನನ್ನ ಕಾಗದಗಳನ್ನು ನಾನು ಬರೆದಿಲ್ಲ, ಹೇಳಿ ಬರೆಸಿದ್ದೇನೆ. ನೀನು ಮೆಚ್ಚಿದ ದುಂಡು ಅಕ್ಷರ ಭೀಮರಾಜುವಿನದು.

ನವೆಂಬರ್ ಇಪ್ಪತ್ತನೇ ತಾರೀಖು ಪಾವಗಡದ ಬಸ್ಸಿನಲ್ಲಿ ಹೆಂಡತಿ ಮಗಳ ಜೊತೆ ಎರಡು ಚೀಲ ಹಿಡಿದು ನಮ್ಮನೆಗೆ ಬಂದ. ಅಂದಿನಿಂದ ಇಲ್ಲೇ ಇದ್ದಾನೆ. ತಿರುಮಣಿಯ ಮುಖವನ್ನೂ ನೋಡಿಲ್ಲ. ಮಗಳು ಶರಣ್ಯಾಳನ್ನು ವರ್ಷದ ನಡುವೆ ಇಲ್ಲಿನ ಸ್ಕೂಲಿಗೆ ಸೇರಿಸಿದೆವು. ನಿಮ್ಮೂರಿನ ಸ್ಕೂಲಿನಲ್ಲಿ ಯಾರೋ ಅವಳನ್ನು ಕಳ್ಳನ ಮಗಳು ಎಂದಿದ್ದರಂತೆ. ಹಸುವಿನ ಬಗ್ಗೆ ಕೇಳಿದ್ದು ನಾನಲ್ಲ. ಬರೆದು ಮುಗಿಸಿದ ಮೇಲೆ ಆ ಸಾಲನ್ನು ಅವನೇ ಸೇರಿಸಿದ್ದ.

ಅಂದು ಅವನು ನಡೆದದ್ದೆಲ್ಲ ಹೇಳಿದ. ಆದರೂ ನಿನ್ನ ಬಾಯಿಂದ ಬರಲಿ ಎಂದು ನಾನು ಗೊತ್ತಿಲ್ಲದವನ ಹಾಗೆ ಬರೆಸಿದೆ. ಐದು ಕಾಗದ ಹೋಯಿತು ಬಂತು. ನಿನ್ನ ಬಾಯಿಂದ ಕರಡಿ ಬಂತು, ಇವನು ಬರಲಿಲ್ಲ.

ನಿನ್ನೊಬ್ಬನದೇ ತಪ್ಪೆಂದು ಬರೆದರೆ ನಾನೂ ಸುಳ್ಳುಗಾರನಾಗುತ್ತೇನೆ. ಅವನು ಬಂದ ದಿನ ಇಲ್ಲೇ ಜಗಲಿಯ ಮೇಲೆ ಕೂರಿಸಿಕೊಂಡು ‘ನಿಜ ಹೇಳು ಮಗ, ತಗಂಡ್ಯಾ?’ ಎಂದು ಕೇಳಿದೆ. ರೇಣುಕಯ್ಯ ಸುಮ್ಮಸುಮ್ಮನೆ ಒಬ್ಬರ ಹೆಸರು ಹೇಳುವವನಲ್ಲ ಎಂಬುದೇ ನನ್ನ ತಲೆಯಲ್ಲಿತ್ತು. ಅಕ್ಕನ ಮಗನಿಗಿಂತ ಬೆಂಚಿನ ಗೆಳೆಯನನ್ನು ನಂಬಿದೆ. ಅವನು ಎರಡು ದಿನ ನಮ್ಮನೆಯಲ್ಲಿ ಊಟ ಮಾಡಲಿಲ್ಲ. ಅದಕ್ಕೆ ನಾನು ನಾಚಿಕೊಳ್ಳುತ್ತಿದ್ದೇನೆ.

ಈ ಸಾಲು ಬರೆಯುವಾಗ ಅವನ ಕೈ ನಿಂತಿತು. ಬರಿ ಎಂದೆ. ಬರೆದಿದ್ದಾನೆ.

ಚಿಕ್ಕನರಸಯ್ಯ


ವೈ.ಎನ್. ಹೊಸಕೋಟೆ
19 ಫೆಬ್ರವರಿ 2025

ಚಿಕ್ಕನರಸಯ್ಯ,

ಮೂರು ವಾರ ಆಯಿತು. ನಾಲ್ಕು ಸಲ ಬರೆದು ಹರಿದೆ. ಓದುವವನು ಭೀಮರಾಜು ಎಂದು ಗೊತ್ತಾದ ಮೇಲೆ ಒಂದು ಸಾಲೂ ನೇರವಾಗಿ ಬರುತ್ತಿಲ್ಲ. ಹಿಂದಿನ ಕಾಗದಗಳಲ್ಲಿ ಎಷ್ಟು ಸಲೀಸಾಗಿ ಬರೆದಿದ್ದೆ ಎಂದು ನೆನೆದರೆ ಮೈಯೆಲ್ಲ ಕುಗ್ಗಿ ಹೋಗುತ್ತದೆ. ಹೇಳದೆ ಹೋದ ಎಂದು ಬರೆದೆ, ಮನೆಯವನ ಹಾಗೆ ನೋಡಿಕೊಂಡೆವು ಎಂದು ಬರೆದೆ. ಅವನೇ ಅದನ್ನು ಓದಿದ.

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ನವೆಂಬರ್ ಹದಿನೆಂಟರ ಬೆಳಿಗ್ಗೆ ಬೂದಿಯ ಮೇಲೆ ಹೆಜ್ಜೆ ಮೂಡಿತ್ತು. ಬೆರಳೆಲ್ಲ ಒಂದೇ ಸಾಲಿಗೆ ಕಂಡ ಕೂಡಲೇ ನನಗೆ ಭೀಮರಾಜುವಿನ ಎಡಗಾಲು ನೆನಪಾಯಿತು. ಐದು ವರ್ಷದ ಹಿಂದೆ ಕಡ್ಲೆಕಾಯಿ ಬಿಡಿಸುವ ಮಿಷನ್ನಿನ ಬೆಲ್ಟಿಗೆ ಸಿಕ್ಕಿ ಅವನ ಹೆಬ್ಬೆರಳು ಅರ್ಧ ಹೋಯಿತು. ಬೆರಳು ಹೋದದ್ದು ನಮ್ಮ ಕಣದಲ್ಲಿ, ನಮ್ಮ ಕೆಲಸದಲ್ಲಿ. ಅದೇ ಬೆರಳನ್ನು ಹಿಡಿದುಕೊಂಡು ನಾನು ಅವನನ್ನು ಕಳ್ಳನೆಂದೆ.

ಅವನು ಬರುವ ಮೊದಲೇ ಗಂಗಹನುಮಯ್ಯ, ದೊಡ್ಡರಂಗಯ್ಯ, ಇನ್ನೂ ಏಳೆಂಟು ಜನ ಸೇರಿದ್ದರು. ಅವರ ಮುಂದೆ ಹೆಸರು ಆಡಿಬಿಟ್ಟಿದ್ದೆ. ಅವನು ಬಂದ. ಬಗ್ಗಿ ನೋಡಿ, ‘ಅಯ್ನೋರೆ, ಮುಂದ್ಗಡೆ ಉಗುರ್ ನೋಡಿ. ಇದು ಮನ್ಸಂದಲ್ಲ’ ಎಂದ.

ನೋಡಿದೆ. ಐದು ಚುಕ್ಕೆ ಇದ್ದವು. ಕೋಳಿ ಕೆರೆದದ್ದಲ್ಲ ಎಂದು ಆಗಲೇ ನನಗೆ ಗೊತ್ತಾಯಿತು. ಆದರೆ ಹೆಸರು ಬಾಯಿಂದ ಹೊರಟಾಗಿತ್ತು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಳಿನ ಮಾತು ಕೇಳಿ ನನ್ನ ಮಾತು ಹಿಂದೆ ತೆಗೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಅದರಲ್ಲೂ ಅವನ ಜಾತಿಯವನ ಮಾತು ಕೇಳಿ. ಅದೇ ಜಾತಿಯ ನಿನಗೆ ಇದನ್ನು ಬರೆಯುತ್ತಿದ್ದೇನೆ, ನಿನ್ನ ಜೊತೆ ಐವತ್ತು ವರ್ಷ ಒಂದೇ ತಟ್ಟೆಯಲ್ಲಿ ತಿಂದೆವೆಂದು ಹೇಳಿಕೊಂಡು ತಿರುಗಿದವನು. ‘ಮಾತು ಬ್ಯಾಡ ಕಣ್ಲಾ, ಕಾಲಿಡು’ ಎಂದೆ. ಆ ಹೆಜ್ಜೆಯ ಮೇಲೆಯೇ ಇಡಿಸಿದೆ. ಅವನ ಕಾಲು ಬಿದ್ದ ಮೇಲೆ ಉಗುರಿನ ಗುರುತು ಅಳಿಸಿ ಹೋಯಿತು. ಅಳಿಸಿ ಹೋಗಲಿ ಎಂದೇ ಅಲ್ಲಿ ಇಡಿಸಿದ್ದು.

ನಿನಗೆ ಕಳಿಸಿದ ಚಿತ್ರ ಡಿಸೆಂಬರಿನಲ್ಲಿ ಮೂಡಿದ ಇನ್ನೊಂದು ಹೆಜ್ಜೆಯದು. ಅವನು ಹೋಗಿ ಇಪ್ಪತ್ತು ದಿನವಾದರೂ ಶೆಡ್ಡಿಗೆ ನುಗ್ಗುವುದು ನಿಂತಿರಲಿಲ್ಲ. ಆ ಹೆಜ್ಜೆಯಲ್ಲೂ ಚುಕ್ಕೆ ಇದ್ದವು. ನಾನೇ ಬರೆಯದೆ ಬಿಟ್ಟೆ. ಅವನು ನಿನ್ನ ಹತ್ತಿರ ಹೋಗಿರಬಹುದು, ಅವನು ಹೇಳುವ ಮೊದಲು ನಿನ್ನಿಂದ ಮನುಷ್ಯನ ಕಾಲು ಎಂದು ಬರೆಸಿಕೊಳ್ಳಬೇಕು ಎಂಬ ಯೋಚನೆ ನನಗಿತ್ತು.

ಹನ್ನೊಂದು ವರ್ಷ ಜೊತೆಗಿದ್ದವನಿಗೆ ಇಂಥ ಅಕ್ಷರ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಒಂದು ದಿನವೂ ಕೇಳಿರಲಿಲ್ಲ.

ಗೌರಿ ಜನವರಿ ಎರಡಕ್ಕೆ ಈದಳು. ಹೆಣ್ಣುಕರು. ಹಣೆಯಲ್ಲಿ ಬಿಳಿ ಚುಕ್ಕೆ. ಕೇಳಿದವರಿಗೆ ಉತ್ತರ ಕೊಡದೆ ಇದ್ದೆ, ಈಗ ಕೊಡುತ್ತಿದ್ದೇನೆ. ಅವನು ವಾಪಸ್ ಬಂದರೆ ಬೀಗದ ಕೈ ಅವನ ಕೈಯಲ್ಲೇ ಕೊಡುತ್ತೇನೆ. ಬರುತ್ತಾನೆಯೇ ಕೇಳು.

ರೇಣುಕಯ್ಯ


ಕೊರಟಗೆರೆ
2 ಮಾರ್ಚ್ 2025

ರೇಣುಕಯ್ಯನವರಿಗೆ ಭೀಮರಾಜು ಬರೆಯುವುದು,

ಇದು ಮಾವ ಹೇಳಿ ಬರೆಸಿದ್ದಲ್ಲ. ನಾನೇ ಬರೆಯುತ್ತಿದ್ದೇನೆ.

ಕರು ಹುಟ್ಟಿದ್ದು ಕೇಳಿ ಸಂತೋಷವಾಯಿತು. ಗೌರಿಗೆ ಎಡಗಡೆಯ ಹಿಂದಿನ ಮೊಲೆ ಸ್ವಲ್ಪ ಬಿಗಿ, ಬಿಸಿನೀರಿನ ಬಟ್ಟೆ ಒತ್ತಿ ಕರೆಯಬೇಕು. ಅಮ್ಮನವರಿಗೆ ಹೇಳಿ.

ನಾನು ಬರುವುದಿಲ್ಲ. ಇಲ್ಲಿ ನರ್ಸರಿಯೊಂದರಲ್ಲಿ ಕೆಲಸ ಸಿಕ್ಕಿದೆ. ಬೀಗದ ಕೈ ಬೇರೆಯವರಿಗೆ ಕೊಡಿ.

ಮಾವನಿಗೆ ಕಾಗದ ಓದುವುದೆಂದರೆ ಜಗಲಿಯ ಮೇಲೆ ಕೂತು ಅವರ ಕಿವಿಗೆ ಬಾಯಿಟ್ಟು ಕೂಗಬೇಕು. ಬೀದಿಗೆಲ್ಲ ಕೇಳಿಸುತ್ತದೆ. ಒಬ್ಬನ ಮೇಲೆ ಅನುಮಾನ ಎಂದು ನೀವು ಬರೆದದ್ದನ್ನು ನಾನು ಹಾಗೇ ಕೂಗಿ ಓದಿದೆ. ಹೇಳದೆ ಹೋದ ಎಂಬುದನ್ನೂ ಓದಿದೆ. ಎದುರು ಮನೆಯ ಲಕ್ಷ್ಮೀದೇವಕ್ಕ ಆಮೇಲೆ ಬಂದು, ‘ಆ ಅನುಮಾನದೋನು ಯಾರಪ್ಪ’ ಎಂದು ನನ್ನನ್ನೇ ಕೇಳಿದಳು. ಗೊತ್ತಿಲ್ಲ ಎಂದೆ.

ಹೋದ ವಾರ ನಿಮ್ಮ ಕಾಗದವನ್ನೂ ಕೂಗಿ ಓದಿದೆ. ಉಗುರು ನೋಡಿದೆ ಎಂದು ನೀವು ಬರೆದಲ್ಲಿ ಕೂಗದೆ ಮೆಲ್ಲಗೆ ಓದಿದೆ, ಮಾವನಿಗೆ ಕೇಳಿಸಲಿಲ್ಲ, ಇನ್ನೊಂದು ಸಲ ಓದು ಎಂದರು. ಓದಿದೆ. ನಾನು ಕಳ್ಳನಲ್ಲ ಎಂಬುದನ್ನು ಈ ಬೀದಿಗೆ ನಾನೇ ಕೂಗಿ ಹೇಳಿದಂತಾಯಿತು. ಅದು ನನ್ನ ಕೆಲಸವಲ್ಲ.

ಆ ಕಾಗದವನ್ನು ಇದರೊಳಗೆ ವಾಪಸ್ ಇಟ್ಟಿದ್ದೇನೆ. ಇಲ್ಲಿ ನಾನು ಓದಿದೆ. ಅಲ್ಲಿ ನೀವು ಓದಿ.

ಭೀಮರಾಜು


ವೈ.ಎನ್. ಹೊಸಕೋಟೆ
11 ಮಾರ್ಚ್ 2025

ಭೀಮರಾಜು ಅವರಿಗೆ,

ನಿನ್ನೆ ಬೆಳಿಗ್ಗೆ ಕಣಕ್ಕೆ ಅವರನ್ನೆಲ್ಲ ಕರೆಸಿದೆ. ಗಂಗಹನುಮಯ್ಯ, ದೊಡ್ಡರಂಗಯ್ಯ, ಅಂದು ನಿಂತಿದ್ದ ಎಲ್ಲರೂ ಬಂದರು. ಕರಡಿಯ ಇನ್ನೊಂದು ತಮಾಷೆ ಇರಬೇಕೆಂದು ನಗುತ್ತಲೇ ಬಂದರು. ಜಗದಾಂಬ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಅವಳಿಗೂ ಉಗುರಿನ ವಿಷಯ ಅಲ್ಲಿಯ ತನಕ ನಾನು ಹೇಳಿರಲಿಲ್ಲ.

ನೀವು ವಾಪಸ್ ಕಳಿಸಿದ ಕಾಗದವನ್ನು ಮೊದಲಿನಿಂದ ಕೊನೆಯ ತನಕ ಓದಿದೆ. ಹೆಸರು ಬಿಡಲಿಲ್ಲ, ಜಾತಿಯ ಮಾತೂ ಬಿಡಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗದೆ ಹಾಳೆಯನ್ನೇ ನೋಡಿಕೊಂಡು ಮುಗಿಸಿದೆ.

ಯಾರೂ ನಗಲಿಲ್ಲ. ದೊಡ್ಡರಂಗಯ್ಯ, ‘ಹಿಂದ್ಗಡೆ ನಿಂತೋರಿಗೆ ಕೇಳುಸ್ಲಿಲ್ಲ ಕಣಯ್ಯ’ ಎಂದ.

ಎರಡನೆಯ ಸಲ ಕೂಗಿ ಓದಿದೆ.

ರೇಣುಕಯ್ಯ